ಟ್ಯಾಂಕರಿನ ನೀರಿಗೆ ತುಂಬಿದ ಉಡಿ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮರೆತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅವರ ಹೆಸರು, ಹೆಸರಿನ ಮುಂದಿನ ಇನಿಷಿಯಲ್ಲು, ಅದನ್ನು ಬರೆಯುವಾಗ ಕೊನೆಯ ಅಕ್ಷರಕ್ಕೆ ಅವರು ಎಳೆಯುತ್ತಿದ್ದ ಉದ್ದನೆಯ ಬಾಲ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇಕೆಂದೇ ಬರೆಯುವುದಿಲ್ಲ. "ಹಳೇ ಮಾತು, ಬಿಡವ್ವ, ಕ್ಷಮಾ ಮಾಡು" ಎಂದು ಹೇಳುವವರು ನನ್ನ ಸುತ್ತ ಬಹಳ ಇದ್ದಾರೆ. ಕಳಕೊಂಡವಳು ನಾನು. ಕ್ಷಮಿಸುವ ಹಂಬಲ ಇದ್ದವರು ತಮ್ಮದೇನಾದರೂ ಕಳಕೊಂಡು ಕ್ಷಮಿಸಲಿ.

ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಶಹಾಪುರ, ಸುರಪುರ ಎಲ್ಲವೂ ಗುಲಬರ್ಗಾಕ್ಕೆ ಸೇರಿದ್ದವು. ನಾನು ಗುಲಬರ್ಗಾದಲ್ಲಿ ಪತ್ರಿಕೋದ್ಯಮದ ಎಂ.ಎ. ಓದುತ್ತಿದ್ದೆ. ನಮ್ಮ ಊರು ಶಹಾಪುರದಿಂದ ಕೆಂಭಾವಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ಕೃಷ್ಣಾ ಕಾಲುವೆಯ ಮೇಲಿನ ಭಾಗದ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ನೆಲ್ಲು ಬೆಳೆದು ಹೊಸ ಮನೆ ಕಟ್ಟಿಸುತ್ತಿದ್ದರು. ನಮ್ಮದು ಕೊನೆಯ ತುದಿ. ನಮ್ಮ ಹೊಲದ ಪಕ್ಕ ಕಾಲುವೆ ಕಟ್ಟಿ ಮುಗಿಸಿದ್ದರು, ನೀರು ಮಾತ್ರ ಬಂದಿರಲಿಲ್ಲ. ಅದರೊಳಗೆ ಆಡು ಮೇಯುತ್ತಿದ್ದವು. ಅವ್ವ ಬೆಳಗಾದರೆ ಊರ ಹೆಣ್ಣುಮಕ್ಕಳ ಜೊತೆ ಟ್ರ್ಯಾಕ್ಟರ್ ಹತ್ತಿ, ಮೇಲಿನ ಭಾಗದವರ ಗದ್ದೆಗೆ ಸಸಿ ಹಚ್ಚಲು ಹೋಗುತ್ತಿದ್ದಳು.

ಎರಡನೆಯ ವರ್ಷ ನಮ್ಮ ವಿಭಾಗದಲ್ಲಿ ಒಂದು ಕ್ರಮ ಇತ್ತು. ಪ್ರತಿ ವಿದ್ಯಾರ್ಥಿಯೂ ತನ್ನ ತಾಲೂಕಿನ ವರದಿಗಾರರ ಕೈಕೆಳಗೆ ಕೆಲಸ ಮಾಡಿ, ಪತ್ರಿಕೆಯಲ್ಲಿ ಅಚ್ಚಾದ ತನ್ನ ವರದಿಗಳನ್ನು ಕತ್ತರಿಸಿ ಫೈಲಿಗೆ ಅಂಟಿಸಿಕೊಂಡು ಬರಬೇಕು. ಆ ಫೈಲನ್ನು ಇಟ್ಟುಕೊಂಡೇ ಕೊನೆಯ ಮೌಖಿಕ ಪರೀಕ್ಷೆ. ಗುಲಬರ್ಗಾದ ದಿನಪತ್ರಿಕೆಯವರು ತರಬೇತಿ ಉಪಸಂಪಾದಕರನ್ನು ಆರಿಸುತ್ತಿದ್ದದ್ದೂ ಅದೇ ಫೈಲು ನೋಡಿ. ಆದರೆ ವರದಿಯ ಕೆಳಗೆ ಹೆಸರು ಇರಬೇಕು. ಹೆಸರಿಲ್ಲದ ವರದಿ ಯಾರದೋ ಏನೋ, ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಅಣ್ಣ ಯಾದಗಿರಿಯ ಒಂದು ಶಾಲೆಯಲ್ಲಿ ಗುಮಾಸ್ತ. ನನ್ನ ಓದಿನ ಮೇಲೆ ಅವನಿಗೆ ಮೊದಲಿನಿಂದಲೂ ಅನುಮಾನ. "ನೋಡು, ಹೆಸರ್ ಬಂದು ನೌಕರಿ ಸಿಕ್ತು ಅಂದ್ರ ಚಲೋ. ಇಲ್ಲಾಂದ್ರ ಮುಂದಿನ ವರ್ಷ ಸುಮ್ಕ ಬಿ.ಎಡ್.ಗೆ ಕುಂದರಬೇಕು. ಆಮ್ಯಾಗ ತಕರಾರು ತಗೀಬಾರ್ದು" ಎಂದಿದ್ದ. ನಾನು ಒಪ್ಪಿಕೊಂಡಿದ್ದೆ. ನನಗೆ ಬೇಕಾದದ್ದು ಒಂದೇ: ನಾನು ಬರೆದದ್ದರ ಕೆಳಗೆ ನನ್ನ ಹೆಸರು.

ಹೆಸರು ಬರೆಯುವುದಿಲ್ಲ ಎಂದೆನಲ್ಲ, ಆ ಶಹಾಪುರದ ವರದಿಗಾರರ ಕಚೇರಿ ಎಂದರೆ ಅವರ ಗೊಬ್ಬರದ ಅಂಗಡಿ. ಮುಂದೆ ಯೂರಿಯಾ ಚೀಲ, ಹಿಂದೆ ಒಂದು ಮೇಜು, ಮೇಜಿನ ಮೇಲೆ ಗುಲಬರ್ಗಾದ ಅದೇ ದಿನಪತ್ರಿಕೆಯ ಹೆಸರಿದ್ದ ಲಕೋಟೆಗಳ ಕಟ್ಟು. ಪತ್ರಿಕೆಯ ಏಜೆನ್ಸಿಯೂ ಅವರದೇ, ಜಾಹೀರಾತು ತರುವವರೂ ಅವರೇ, ವರದಿಗಾರರೂ ಅವರೇ. ಬಿಳಿ ಸಫಾರಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟರೆ ಹೋಟೆಲಿನವರು ಎದ್ದು ನಿಂತು "ಬರ್ರಿ ಸಾಹೇಬ್ರ, ಚಾ ಕುಡದ್ ಹೋಗ್ರಿ" ಎನ್ನುತ್ತಿದ್ದರು. ಅವರು ಯಾವತ್ತೂ ಚಹಾಕ್ಕೆ ಕಾಸು ಕೊಟ್ಟದ್ದನ್ನು ನಾನು ನೋಡಲಿಲ್ಲ.

ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಮಧ್ಯಾಹ್ನ ಜೇವರ್ಗಿ ಮೇಲೆ ಗುಲಬರ್ಗಾಕ್ಕೆ ಹೋಗುವ ಬಸ್ಸಿನ ಡ್ರೈವರನ ಕೈಗೆ ಲಕೋಟೆ ಕೊಟ್ಟರೆ, ಅಲ್ಲಿನ ನಿಲ್ದಾಣದಲ್ಲಿ ಪತ್ರಿಕೆಯ ಆಳು ಬಂದು ಇಸಿದುಕೊಳ್ಳುತ್ತಿದ್ದ. ಅಕ್ಷರ ಜೋಡಿಸಲು ಹೊತ್ತು ಬೇಕು ಎಂದು ವರದಿ ಮಧ್ಯಾಹ್ನದ ಬಸ್ಸಿಗೇ ಹೋಗಬೇಕು. ಫೋಟೊ ಇದ್ದರೆ ಜಾಗ ಬಿಟ್ಟುಕೊಂಡು ಕಾಯುತ್ತಿದ್ದರು, ಅದು ಸಂಜೆಯ ಬಸ್ಸಿಗೆ ಹೋದರೂ ನಡೆಯುತ್ತಿತ್ತು. ಹೀಗಾಗಿ ನಮ್ಮ ಕಡೆಯ ತಾಲೂಕು ವರದಿಗಾರರು ಒಂದು ವಿದ್ಯೆ ಕಲಿತಿದ್ದರು. ಮಧ್ಯಾಹ್ನದ ಮೇಲೆ ನಡೆಯುವ ಸಮಾರಂಭದ ಸುದ್ದಿಯನ್ನು ಬೆಳಿಗ್ಗೆಯೇ ಬರೆದು ಮುಗಿಸುವುದು. ಯಾರು ದೀಪ ಹಚ್ಚಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಲ್ಲವೂ ಆಮಂತ್ರಣ ಪತ್ರಿಕೆಯಲ್ಲೇ ಇರುತ್ತಿತ್ತು. "ಮಾಡುತ್ತಾರೆ" ಎನ್ನುವುದನ್ನು "ಮಾಡಿದರು" ಎಂದು ತಿದ್ದಿದರೆ ವರದಿ ತಯಾರು.

"ಸರ್ರ, ಅವ್ರು ಭಾಷಣದಾಗ ಏನ್ ಹೇಳ್ತಾರಂತ ನಿಮಗ ಹೆಂಗ್ ಗೊತ್ತಾಗ್ತದ್ರಿ?" ಎಂದು ಮೊದಲ ವಾರ ನಾನು ಕೇಳಿದ್ದೆ.

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. "ಏ ತಂಗಿ, ಅವ್ರು ಏನ್ ಹೇಳ್ತಾರಂತ ಅವ್ರಿಗಿಂತ ಮೊದಲ ನನಗ ಮಾಲೂಮ್ ಇರ್ತದ. ನಿಮ್ಮ ವಿದ್ಯಾಪೀಠದಾಗ ಇದನ್ನ ಕಲಸಂಗಿಲ್ಲೇನು?"

ಕಲಿಸುತ್ತಿರಲಿಲ್ಲ. ನಮಗೆ ಕಲಿಸುತ್ತಿದ್ದದ್ದು ಕಣ್ಣಾರೆ ಕಾಣು, ಕಿವಿಯಾರೆ ಕೇಳು, ಆಮೇಲೆ ಬರೆ ಎಂದು. ಅದನ್ನೇ ನಂಬಿ ನಾನು ಅವ್ವನ ಜೊತೆ ಟ್ರ್ಯಾಕ್ಟರ್ ಹತ್ತಿದೆ. ಗದ್ದೆಗೆ ಇಳಿದೆ. ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚಿದೆ. ಕಾಲ್ಬೆರಳ ಸಂದಿಯಲ್ಲಿ ಹುಣ್ಣಾಗಿ ಅರಿಶಿಣ ಮೆತ್ತಿಕೊಂಡ ಹೆಣ್ಣುಮಕ್ಕಳು, ತಮ್ಮ ಹೊಲ ಒಣಗಿಸಿಕೊಂಡು ಬೇರೆಯವರ ಗದ್ದೆ ಹಸಿರು ಮಾಡುವುದನ್ನು ಬರೆದೆ. ತಿದ್ದಿ ತಿದ್ದಿ ಬರೆದೆ. ಅಷ್ಟು ಚೆನ್ನಾಗಿ ಅದಕ್ಕಿಂತ ಮೊದಲು ನಾನು ಏನನ್ನೂ ಬರೆದಿರಲಿಲ್ಲ. ಕೆಳಗೆ ನನ್ನ ಹೆಸರು ಬರೆದು ಸರ್ ಕೈಗೆ ಕೊಟ್ಟೆ. ಅವರು ಓದಿ, ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿ, "ಪರವಾಗಿಲ್ಲ" ಎಂದು ಮೇಜಿನ ಖಾನೆಗೆ ಹಾಕಿದರು.

ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂತು. ಒಂದು ಸಾಲೂ ಕತ್ತರಿಸಿರಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಅವರ ಹೆಸರಿತ್ತು.

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದಿದೆ. ಮೊದಲು ಅರ್ಥವೇ ಆಗಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಓದಿದೆ. ನನ್ನ ಅವ್ವನ ಕಾಲಿನ ಹುಣ್ಣು ಅದರಲ್ಲಿತ್ತು. ಅದನ್ನು ಈ ಮನುಷ್ಯ, ಗದ್ದೆಗೆ ಒಂದು ದಿನವೂ ಇಳಿಯದವನು, ತಾನು ಕಂಡೆ ಎಂದು ಹೇಳಿಕೊಂಡಿದ್ದ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ. ಅಂಗಡಿಗೆ ಹೋದಾಗ ಯಾರೋ ಇಬ್ಬರು ರೈತರು ಅವರಿಗೆ ಕೈ ಮುಗಿಯುತ್ತಿದ್ದರು. "ನಮ್ಮ ಹೆಣ್ಮಕ್ಕಳ ಸಂಕಟ ಖರೇ ಖರೇ ಬರದೀರಿ ಸಾಹೇಬ್ರ" ಎನ್ನುತ್ತಿದ್ದರು. ಅವರು ಹಲ್ಲು ಕಿರಿದು ನಿಂತಿದ್ದರು.

ರೈತರು ಹೋದ ಮೇಲೆ ನಾನು ಕೇಳಿದೆ. "ಸರ್ರ, ಅದು ನಾ ಬರದದ್ದಲ್ರಿ? ನನ್ನ ಹೆಸರು ಎಲ್ಲಿ ಹೋತ್ರಿ?"

"ಹೆಸರ್ ಯಾರ್ ಓದ್ತಾರ ತಂಗಿ?" ಎಂದರು, ಬಾಯಲ್ಲಿ ಎಲೆ ಅಡಿಕೆ. "ಓದೋರಿಗೆ ಸುದ್ದಿ ಬೇಕು. ಸುದ್ದಿ ಬಂತಲ್ಲ, ಸಾಕು. ಹೋಗು, ಬಸ್ ಬಿಡೋ ಟೈಮ್ ಆತು, ಈ ಕವರ್ ಕೊಟ್ ಬಾ. ನೀ ಭಾಳ ತಲಿ ಓಡಸಬ್ಯಾಡ."

ಕವರ್ ಕೊಟ್ಟು ಬಂದೆ. ಏನು ಮಾಡಲಿ, ಫೈಲಿನಲ್ಲಿ ಅವರ ಸಹಿಯೂ ಬೇಕಿತ್ತು. ಮನೆಗೆ ಹೋಗಿ ಅವ್ವನ ಮುಂದೆ ಅತ್ತೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಅವನ ಬಾಯಾಗ ಮಣ್ ಬೀಳ್ಲಿ. ನನ್ನ ಕಾಲಾನ ಹುಣ್ಣೂ ಬಿಡ್ಲಿಲ್ಲಲ್ಲ ಭಾಡ್ಯಾ! ಅದನ್ನೂ ತನ್ನ ಹೆಸರಿಗಿ ಬರಸ್ಕೊಂಡಾನ" ಎಂದು ಶಪಿಸಿದಳು. ಆಮೇಲೆ ರೊಟ್ಟಿ ತಿರುವಿ ಹಾಕಿ ಹೇಳಿದಳು: "ಈಗ ಬಾಯಿ ಮುಚ್ಕೊಂಡ್ ಇರು. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಅವನಿಗಿ ಒಂದ್ ದಿನ ಬರ್ತದ. ಬಂದಾಗ ಬಿಡಬ್ಯಾಡ." ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಆ ದಿನ ಬಂದದ್ದು ನಮ್ಮ ಊರಿನ ಕಾಲುವೆಗೇ. ತುದಿಗೆ ಮೊದಲ ಸಲ ನೀರು ಬಿಡುತ್ತಾರೆ, ಗಂಗಾಪೂಜೆಗೆ ದೊಡ್ಡವರೊಬ್ಬರು ಬರುತ್ತಾರೆ ಎಂದು ಡಂಗುರ ಹೊಡೆಸಿದರು. ನೀರು ಬಂದೇ ಬರುತ್ತದೆಂಬ ಧೈರ್ಯದ ಮೇಲೆ ಅಪ್ಪ ಆ ಸಲ ಮೆಣಸಿನ ಗಿಡ ಹಚ್ಚಿದ್ದ. ಗಿಡ ಹೂವಿಗೆ ಬಂದಿತ್ತು. ಊರೆಲ್ಲ ಹಾಗೆಯೇ ಹಚ್ಚಿತ್ತು.

ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಸರ್ ವರದಿ ಬರೆದು ಮುಗಿಸಿದ್ದರು. ನನಗೇ ಓದಲು ಕೊಟ್ಟರು. "ಕೃಷ್ಣೆ ಜುಳುಜುಳು ಹರಿದು ಬರುತ್ತಿದ್ದಂತೆ ಕೊನೆ ಭಾಗದ ರೈತರ ಕಣ್ಣುಗಳಲ್ಲಿ ಆನಂದಬಾಷ್ಪ ಉಕ್ಕಿತು. ಮುಖ್ಯ ಅತಿಥಿಗಳು ತುಂಬಿದ ಕಾಲುವೆಗೆ ಬಾಗಿನ ಅರ್ಪಿಸಿದರು" ಎಂದಿತ್ತು. ನಮ್ಮ ಊರಿನ ಮುದುಕಿಯೊಬ್ಬಳು ಅತಿಥಿಗಳ ಕೈ ಹಿಡಿದು ಅತ್ತಳು ಎಂದೂ ಇತ್ತು. ಯಾವ ಮುದುಕಿ ಎಂದು ಕೇಳಿದೆ. "ಯಾವಾಕಿರ ಒಬ್ಬಾಕಿ ಇದ್ದೇ ಇರ್ತಾಳ" ಎಂದರು.

"ಮಧ್ಯಾಹ್ನದ ಬಸ್ಸಿಗಿ ಇದನ್ನ ನಾ ಕಳಸ್ತೀನಿ. ನೀ ನಿಮ್ಮ ಊರಿಗಿ ಹೋಗಿ ಬರೇ ಫೋಟೊ ತಗೊಂಡ್ ಬಾ. ಸಾಹೇಬ್ರು ಬಾಗಿನ ಬಿಡೋದು ಬರಾಬರ್ ಬರಬೇಕು" ಎಂದರು. ವಿಭಾಗದಿಂದ ನನಗೆ ಒಂದು ಕ್ಯಾಮೆರಾ ಕೊಟ್ಟಿದ್ದರು. ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.

ಕಾಲುವೆಯ ದಂಡೆಯ ಮೇಲೆ ಶಾಮಿಯಾನ ಹಾಕಿದ್ದರು. ಅತಿಥಿಗಳ ಕಾರಿಗೆ ಧೂಳು ಏಳಬಾರದೆಂದು ಒಂದು ಟ್ಯಾಂಕರು ಹಾದಿಗೆ ನೀರು ಹೊಡೆಯುತ್ತಿತ್ತು. ಹೆಣ್ಣುಮಕ್ಕಳೆಲ್ಲ ಮಡಿ ಸೀರೆ ಉಟ್ಟು ಮೊರ ಹಿಡಿದು ಬಂದಿದ್ದರು. ಮೊರದಲ್ಲಿ ಖಣ, ಹಸಿರು ಬಳೆ, ಅರಿಶಿಣ ಕುಂಕುಮ, ಕೊಬ್ಬರಿ ಬಟ್ಟಲು, ಗೋಧಿ. ನಮ್ಮಲ್ಲಿ ಹೊಸ ನೀರು ಬಂದರೆ ಮನೆಗೆ ಬಂದ ಮಗಳಿಗೆ ತುಂಬಿದ ಹಾಗೆ ಗಂಗವ್ವನಿಗೆ ಉಡಿ ತುಂಬುತ್ತಾರೆ. ಎಲ್ಲರಿಗಿಂತ ಮುಂದೆ ನನ್ನ ಚಿಗವ್ವ ನಿಂತಿದ್ದಳು.

ಎಲ್ಲ ಇತ್ತು. ನೀರಿರಲಿಲ್ಲ.

ಮೇಲಿನವರು ಅಲ್ಲಲ್ಲಿ ಕಾಲುವೆ ಒಡೆದು ತಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದಾರೆ ಎಂದು ಯಾರೋ ಸುದ್ದಿ ತಂದರು. ಅತಿಥಿಗಳು ಬಂದರು, ಕಾರಿನಿಂದ ಇಳಿದರು, ಒಣ ಕಾಲುವೆ ನೋಡಿದರು. ಅಧಿಕಾರಿಯೊಬ್ಬ ಬೆವರು ಒರೆಸಿಕೊಳ್ಳುತ್ತ ಹೆಣ್ಣುಮಕ್ಕಳ ಕಡೆ ತಿರುಗಿ, "ಇವತ್ ಮನಿಗಿ ಹೋಗ್ರಿ. ನೀರ್ ಬಂದ ದಿನ ಮತ್ತ ಕರೀತೀವಿ" ಎಂದ.

ಚಿಗವ್ವ ಕದಲಲಿಲ್ಲ. "ಹೆಂಗ್ ಹೋಗ್ಬೇಕ್ರಿ ಸಾಹೇಬ್ರ? ಗಂಗವ್ವಗ ಅಂತ ತಂದ ಉಡಿ ತಿರುಗಿ ಮನಿಗಿ ಒಯ್ಯಬಾರ್ದ್ರಿ. ಬಸರಿ ಬಾಣಂತ್ಯಾರು ಇರೋ ಮನಿ ಅದಾವ. ನೀರ್ ಬಿಡಸ್ರಿ, ಉಡಿ ತುಂಬಿ ಹೋಗ್ತೀವಿ. ಅಲ್ಲೀತನ ಇಲ್ಲೇ ಕುಂದರ್ತೀವಿ."

ಹೆಣ್ಣುಮಕ್ಕಳೆಲ್ಲ ಮೊರ ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕುಳಿತೇಬಿಟ್ಟರು. ಅಧಿಕಾರಿಗಳು ಬೈದರು, ರಮಿಸಿದರು, ಕೈ ಮುಗಿದರು. ಯಾರೂ ಏಳಲಿಲ್ಲ. ಎಬ್ಬಿಸಲು ಹೋದ ಪೊಲೀಸನಿಗೆ ಒಬ್ಬ ಅಜ್ಜಿ, "ಯಪ್ಪಾ, ನಿನ್ನ ಮನಿಗಿ ಒಯ್ತೀಯೇನು ಈ ಉಡಿ? ತಗೋ, ಒಯ್ಯಿ" ಎಂದು ಮೊರ ಚಾಚಿದಳು. ಅವನು ಹಿಂದೆ ಸರಿದ. ಅವನಿಗೂ ಮನೆಯಿತ್ತು, ಮಕ್ಕಳಿದ್ದವು.

ಆಗ ಯಾರ ತಲೆಗೆ ಹೊಳೆಯಿತೋ, ಧೂಳಿಗೆ ನೀರು ಹೊಡೆಯುತ್ತಿದ್ದ ಟ್ಯಾಂಕರನ್ನು ಹಿಂದೆ ಹಿಂದೆ ತಂದು ದಂಡೆಗೆ ನಿಲ್ಲಿಸಿದರು. ಪೈಪು ಕಾಲುವೆಗೆ ಬಿಟ್ಟರು. ನೀರು ಬುಸ್ಸೆಂದು ಬಿದ್ದು, ಆಡಿನ ಹಿಕ್ಕಿಯನ್ನು ತೇಲಿಸಿಕೊಂಡು ನಾಲ್ಕು ಮಾರು ಹರಿಯಿತು. "ಜಲ್ದಿ ಜಲ್ದಿ" ಎಂದು ಅಧಿಕಾರಿ ಕೂಗಿದ. ಅತಿಥಿಗಳು ಚಪ್ಪಲಿ ಬಿಟ್ಟು ಇಳಿದು, ಪೈಪಿನ ಪಕ್ಕದಲ್ಲೇ ಬಾಗಿ, ಆ ಮಡುವಿಗೆ ಬಾಗಿನ ಬಿಟ್ಟರು. ಚಪ್ಪಾಳೆ ಬಿತ್ತು. ನಾನು ದಂಡೆಯ ಎತ್ತರಕ್ಕೆ ಹತ್ತಿ ಫೋಟೊ ತೆಗೆದೆ. ಅದರಲ್ಲಿ ಅತಿಥಿಗಳಿದ್ದರು, ಬಾಗಿನ ಇತ್ತು, ಪೈಪಿತ್ತು, ಟ್ಯಾಂಕರಿತ್ತು, ಅದರ ಹಿಂದೆ ಉದ್ದಕ್ಕೂ ಒಣ ಕಾಲುವೆ ಇತ್ತು. ಬಾಗಿನದ ಮೊರ ಒಂದು ಸುತ್ತು ತಿರುಗಿ ಕೆಸರಿನಲ್ಲಿ ನಿಂತಿತು. ಚಿಗವ್ವ ಉಡಿಯನ್ನು ಆ ಕೆಸರಿಗೇ ಸುರಿದು, "ಥೂ!" ಎಂದು ಬಂದಳು.

ಶಹಾಪುರಕ್ಕೆ ಓಡಿ ಬಂದು ಸ್ಟುಡಿಯೊದಲ್ಲಿ ಫೋಟೊ ತೊಳೆಸಿ ಅಂಗಡಿಗೆ ಒಯ್ದೆ. ಸರ್ ಫೋಟೊ ಹಿಡಿದು, "ಇದೇನಿದು ಟ್ಯಾಂಕರು?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. "ಗುಲಬರ್ಗಾಕ್ಕ ಫೋನ್ ಹಚ್ರಿ ಸರ್ರ. ಮಧ್ಯಾಹ್ನ ಕಳಿಸಿದ ಸುದ್ದಿ ನಿಲ್ಲಸ್ರಿ. ಅಚ್ಚಾಗಾಕ ಇನ್ನಾ ಹೊತ್ತದ" ಎಂದು ಬೇಡಿಕೊಂಡೆ. ಎದುರಿಗೇ ಎಸ್.ಟಿ.ಡಿ. ಬೂತಿತ್ತು.

ಅವರು ಖಾನೆಯಿಂದ ಕತ್ತರಿ ತೆಗೆದರು. ಗೊಬ್ಬರದ ಚೀಲದ ದಾರ ಕತ್ತರಿಸುವ ಕತ್ತರಿ. ಕಚ್ ಕಚ್ ಎಂದು ಟ್ಯಾಂಕರು ಹೋಯಿತು, ಪೈಪು ಹೋಯಿತು, ಒಣ ಕಾಲುವೆ ಹೋಯಿತು. ಅತಿಥಿಗಳು, ಬಾಗಿನ, ಅಂಗೈಯಗಲ ನೀರು ಉಳಿಯಿತು. "ನೋಡ್, ಈಗ ಕೃಷ್ಣಾ ಹರೀತು" ಎಂದು ನಕ್ಕರು. ಹಿಂದೆ ತಿರುಗಿಸಿ, ಚಿತ್ರ ಎಂದು ಬರೆದು ತಮ್ಮದೇ ಹೆಸರು ಹಾಕಿ ಆ ಬಾಲ ಎಳೆದರು. ಫೋಟೊಕ್ಕೂ ಅವರ ಹೆಸರು! ಹಲ್ಲು ಕಡಿದುಕೊಂಡು ನಿಂತೆ. ಆದರೆ ಆ ಬುದ್ಧಿವಂತರು ಒಂದನ್ನು ಮರೆತರು. ನೆಗೆಟಿವ್ ಕೇಳಲಿಲ್ಲ. ಅದು ನನ್ನ ಚೀಲದಲ್ಲಿತ್ತು. ಅಂದು ಸಂಜೆಯೇ ಅದನ್ನು ಅವ್ವನ ಟ್ರಂಕಿನಲ್ಲಿ ಇಲಕಲ್ಲ ಸೀರೆಯ ಮಡಿಕೆಯೊಳಗೆ ಇಟ್ಟೆ.

ಪತ್ರಿಕೆ ಬಂತು. ಜುಳುಜುಳು ಬಂತು, ಆನಂದಬಾಷ್ಪ ಬಂತು, ಇಲ್ಲದ ಮುದುಕಿಯೂ ಬಂದಳು. ನೀರು ಬರಲಿಲ್ಲ. ವಾರ ಕಾದು ಅಪ್ಪ ಮತ್ತು ಊರಿನವರು ನೀರಾವರಿ ಕಚೇರಿಗೆ ಹೋದರು. ಅಲ್ಲಿಯವನು ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟನಂತೆ. "ನೀರ್ ಮುಟ್ಯಾದಂತ ಪೇಪರ್‌ನಾಗೇ ಬಂದದ, ಫೋಟೊ ಸುದ್ದಾ ಅದ. ಮತ್ತೇನ್ ಕೇಳಾಕ್ ಬಂದೀರಿ?" ಎಂದನಂತೆ. ಅಪ್ಪ ಎದ್ದು ಬಂದ. ಮನೆಗೆ ಬಂದು ನನ್ನನ್ನು ಬೈಯಲಿಲ್ಲ. ಚಿಗವ್ವ ಬಿಡಲಿಲ್ಲ. "ಅಲ್ಲವ್ವ, ನೀ ಅಲ್ಲೇ ಇದ್ದೆಲ್ಲ, ಕ್ಯಾಮರಾ ಹಿಡ್ಕೊಂಡು? ನೀ ಕಲಿಯೋದು ಇದನ್ನೇನು?" ಎಂದು ಬಾವಿಕಟ್ಟೆಯಲ್ಲಿ ಎಲ್ಲರೆದುರಿಗೆ ಕೇಳಿದಳು. ಹೂ ಬಿಟ್ಟಿದ್ದ ಮೆಣಸಿನ ಗಿಡ ತಲೆ ಬಗ್ಗಿಸಿ, ಎಲೆ ಮುದುಡಿ, ಒಂದೊಂದೇ ಸಾಲು ಒಣಗಿತು. ಅಪ್ಪ ಅದನ್ನು ಕಿತ್ತು ಬದುವಿಗೆ ಹಾಕುವುದನ್ನು ನೋಡುತ್ತ ನಿಂತಿದ್ದೆ. ಅವತ್ತಿನಿಂದ ಇದು ನನ್ನ ಹೆಸರೊಂದರ ಜಗಳವಾಗಿ ಉಳಿಯಲಿಲ್ಲ.

ತರಬೇತಿ ಮುಗಿದಾಗ ಸರ್ ಫೈಲಿಗೆ ಸಹಿ ಹಾಕಿದರು. "ಚಲೋ ಹುಡುಗಿ, ಹೇಳಿದ್ದ ಕೇಳ್ತಾಳ" ಎಂದು ಬರೆದುಕೊಟ್ಟರು. ಕೈ ಮುಗಿದು ಇಸಿದುಕೊಂಡೆ.

ಗುಲಬರ್ಗಾಕ್ಕೆ ಹೋದವಳೇ ವಿಭಾಗದ ಡಾರ್ಕ್‌ರೂಮಿಗೆ ಹೊಕ್ಕೆ. ಕೆಂಪು ದೀಪದ ಕೆಳಗೆ, ದ್ರಾವಣದ ತಟ್ಟೆಯಲ್ಲಿ ದೊಡ್ಡ ಹಾಳೆ ಅದ್ದಿ ಅಲುಗಾಡಿಸುತ್ತ ಕಾದೆ. ಮೊದಲು ಪೈಪು ಮೂಡಿತು. ಆಮೇಲೆ ಟ್ಯಾಂಕರಿನ ಚಕ್ರ. ಆಮೇಲೆ ಒಣ ಕಾಲುವೆ. ಕೊನೆಗೆ ಅತಿಥಿಗಳ ಬಾಗಿದ ಬೆನ್ನು. ನನಗೆ ಆದ ಸಂತೋಷ ಹೇಳತೀರದು. ಒಬ್ಬಳೇ ಗಟ್ಟಿಯಾಗಿ ನಕ್ಕೆ. ನಮ್ಮ ಮೇಷ್ಟ್ರಿಗೆ ತೋರಿಸಿ ಎಲ್ಲ ಹೇಳಿದೆ. ಅವರು, ವಿದ್ಯಾರ್ಥಿಗಳೇ ತರುತ್ತಿದ್ದ ವಿಭಾಗದ ಪ್ರಯೋಗ ಪತ್ರಿಕೆಯ ಮುಖಪುಟಕ್ಕೆ ಅದನ್ನು ಜೋಡಿಸಲು ಹೇಳಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಅದೇ ದಿನಪತ್ರಿಕೆಯ ಸುದ್ದಿ ಸಂಪಾದಕರು. ಬರುವವರು ಅವರೇ ಎಂದು ನನಗೆ ಮೊದಲೇ ಗೊತ್ತಿತ್ತು. ಫೈಲಿನ ಎಡ ಪುಟಕ್ಕೆ ಪತ್ರಿಕೆಯ ತುಣುಕು ಅಂಟಿಸಿದ್ದೆ, ಬಲ ಪುಟಕ್ಕೆ ಪೂರ್ತಿ ಫೋಟೊ. ಅವರು ಹಾಳೆ ತಿರುವುತ್ತ ಅಲ್ಲಿಗೆ ಬಂದು ನಿಂತರು. ಎಡ ನೋಡಿದರು, ಬಲ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದು ಯಾರು ತೆಗೆದ ಚಿತ್ರ?"

"ನಾನು ಸರ್. ನೆಗೆಟಿವ್ ನನ್ನ ಹತ್ತಿರ ಇದೆ."

"ಒಳ್ಳೆಯ ಅಂಕ ಕೊಡುತ್ತೇನೆ. ಇದನ್ನು ಇಲ್ಲಿಗೇ ಬಿಡಮ್ಮ. ಪತ್ರಿಕೆಯ ಮರ್ಯಾದೆ ಪ್ರಶ್ನೆ."

"ಆ ಸುದ್ದಿ ತೋರಿಸಿ ನಮ್ಮ ಊರಿಗೆ ನೀರಿಲ್ಲ ಅಂದಿದ್ದಾರೆ ಸರ್. ನಮ್ಮ ಅಪ್ಪನ ಮೆಣಸಿನ ಗಿಡ ಒಣಗಿದೆ. ಪೂರ್ತಿ ಫೋಟೊ ನಿಮ್ಮ ಪತ್ರಿಕೆಯಲ್ಲೇ ಬರಬೇಕು. ಕೆಳಗೆ ನನ್ನ ಹೆಸರು ಇರಬೇಕು. ಇಲ್ಲವಾದರೆ ಮುಂದಿನ ವಾರ ನಮ್ಮ ಪ್ರಯೋಗ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ಅದು ಗುಲಬರ್ಗಾದ ಎಲ್ಲ ಪತ್ರಿಕೆಗಳ ಕಚೇರಿಗೂ ಹೋಗುತ್ತದೆ."

ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಮೂರನೆಯ ದಿನ ಫೋಟೊ ಪೂರ್ತಿಯಾಗಿ ಬಂತು, ಟ್ಯಾಂಕರು, ಪೈಪು, ಒಣ ಕಾಲುವೆ ಸಮೇತ. "ನೀರು ಮುಟ್ಟಿತೆಂಬ ವರದಿ ತಪ್ಪು" ಎಂದು ಎರಡು ಸಾಲು. ಚಿತ್ರ ಎಂದು ನನ್ನ ಹೆಸರು. ಇರುವೆಯಂಥ ಅಕ್ಷರ, ಆದರೂ ನನ್ನದೇ. ಅಣ್ಣ ಅದನ್ನು ಯಾದಗಿರಿಯ ತನ್ನ ಶಾಲೆಯಲ್ಲೆಲ್ಲ ತೋರಿಸಿದನಂತೆ. ಬಿ.ಎಡ್. ಮಾತನ್ನು ಮತ್ತೆ ಎತ್ತಲಿಲ್ಲ. ಗೊಬ್ಬರದ ಅಂಗಡಿಯವರ ಕೈಯಿಂದ ವರದಿಗಾರಿಕೆ ಕಿತ್ತುಕೊಂಡರು, ಏಜೆನ್ಸಿಯೊಂದನ್ನು ಉಳಿಸಿದರು. ನನಗೆ ತರಬೇತಿ ಉಪಸಂಪಾದಕಿಯ ಕೆಲಸ ಸಿಕ್ಕಿತು. ಆ ಬೇಸಿಗೆಗೆ ನಮ್ಮ ಕಾಲುವೆಗೆ ನೀರೂ ಬಂತು. ಅದನ್ನು ಕುಡಿಯಲು ಅಪ್ಪನ ಹೊಲದಲ್ಲಿ ಒಂದು ಗಿಡವೂ ಉಳಿದಿರಲಿಲ್ಲ.

ಇಷ್ಟಕ್ಕೆ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಅಂಥವರು ಮುಳುಗುವುದಿಲ್ಲ. ಕೆಲವು ವರ್ಷ ತೆಪ್ಪಗಿದ್ದು, ಬೇರೊಂದು ವಾರಪತ್ರಿಕೆ ಹಿಡಿದು, ಮತ್ತೆ ಸಫಾರಿ ಹಾಕಿದರು. ಭತ್ತದ ಹೆಣ್ಣುಮಕ್ಕಳ ಆ ಅರ್ಧ ಪುಟವನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗಿಬಿಟ್ಟಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಅವ್ವನ ಕಾಲು ನೆನಪಾಗುತ್ತಿತ್ತು.

ಯಾದಗಿರಿ ಜಿಲ್ಲೆಯಾಯಿತು. ಪತ್ರಿಕೆ ನನ್ನನ್ನೇ ಅಲ್ಲಿಯ ಜಿಲ್ಲಾ ವರದಿಗಾರ್ತಿಯಾಗಿ ಕಳಿಸಿತು. ಶಹಾಪುರ, ಸುರಪುರ, ಗುರುಮಠಕಲ್, ಎಲ್ಲ ಕಡೆಯ ಸುದ್ದಿಯೂ ನನ್ನ ಮೇಜಿನ ಮೇಲೆ ಹಾದು ಹೋಗಬೇಕು. ಒಂದು ಶನಿವಾರ ಇ-ಮೇಲ್ ಬಂತು. ಬಸ್ಸಿನ ಕವರು ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. "ಸುರಪುರದಲ್ಲಿ ಭಾನುವಾರ ಹಿರಿಯ ಪತ್ರಕರ್ತರನ್ನು ಕಿಕ್ಕಿರಿದ ಸಭೆಯಲ್ಲಿ ಸನ್ಮಾನಿಸಲಾಯಿತು. ರೈತ ಮಹಿಳೆಯರ ಸಂಕಟವನ್ನು ಮೊದಲು ಬೆಳಕಿಗೆ ತಂದವರು ಇವರೇ ಎಂದು ಗಣ್ಯರು ಬಣ್ಣಿಸಿದರು." ಅಷ್ಟು ಸಾಲಿನಲ್ಲೇ ಅವರ ಹೆಸರು ಮೂರು ಕಡೆ ಇತ್ತು, ಅದನ್ನು ಇಲ್ಲಿ ಬಿಟ್ಟಿದ್ದೇನೆ. ನಾಳೆ ನಡೆಯುವ ತಮ್ಮ ಸನ್ಮಾನದ ಸುದ್ದಿಯನ್ನು ತಾವೇ ಇವತ್ತು ಬರೆದು ಕಳಿಸಿದ್ದರು.

ಭಾನುವಾರ ನಾನೇ ಸುರಪುರಕ್ಕೆ ಹೋದೆ. ಕಣ್ಣಾರೆ ಕಾಣಬೇಕಲ್ಲ. ಹಿಂದಿನ ಸಾಲಿನಲ್ಲಿ ಕುಳಿತೆ. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಗಿದ ಮೇಲೆ ಅವರು ನೇರ ನನ್ನ ಹತ್ತಿರ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಏ ತಂಗಿ, ಭಾಳ ಖುಷಿ ಆತು ನೀ ಬಂದದ್ದು. ಹಳೇದೆಲ್ಲ ಮನಸಿನಾಗ ಇಟ್ಕೋಬ್ಯಾಡ. ಸುದ್ದಿ ಚಲೋ ಹಾಕು, ಹ್ಞಾಂ? ಹೆಸರ್ ಬರಾಬರ್ ನೋಡು, ಇನಿಷಿಯಲ್ ತಪ್ಪಬಾರ್ದು" ಎಂದರು.

"ಬರಾಬರ್ ಹಾಕ್ತೀನ್ರಿ ಸರ್ರ" ಎಂದೆ.

ಯಾದಗಿರಿಗೆ ಬಂದು ಬರೆದೆ. ಒಂದು ಸುಳ್ಳೂ ಬರೆಯಲಿಲ್ಲ. "ಸುರಪುರ: ಇಲ್ಲಿ ಭಾನುವಾರ ಹಿರಿಯ ವರದಿಗಾರರೊಬ್ಬರನ್ನು ಸನ್ಮಾನಿಸಲಾಯಿತು. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ ಇದ್ದವು." ಅಷ್ಟೇ. ಸನ್ಮಾನಿಸಿದವರ ಹೆಸರು ಹಾಕಿದೆ, ಸ್ವಾಗತಿಸಿದವರ ಹೆಸರು ಹಾಕಿದೆ, ವಂದಿಸಿದವರ ಹೆಸರು ಹಾಕಿದೆ, ಪ್ರಾರ್ಥನೆ ಹಾಡಿದ ಹುಡುಗಿಯ ಹೆಸರನ್ನೂ ಬಿಡಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಫೋನು ಬಂತು. ನಾನು ಅದಕ್ಕೇ ಕಾಯುತ್ತಿದ್ದೆ.

"ತಂಗಿ, ಏನಿದು?" ಎಂದು ಶುರು ಮಾಡಿದರು. "ಎಲ್ಲಾರ್ದೂ ಅದ, ನನ್ನ ಹೆಸರ ಇಲ್ಲಲ್ಲ! ಮನಿಮಂದಿ ಎಲ್ಲಾ ಹುಡಕಾಕತ್ತಾರ, ಮೊಮ್ಮಕ್ಕಳು ಕೇಳಾಕತ್ತಾವ. ನನ್ನ ಹೆಸರು ಎಲ್ಲಿ ಹೋತು?"

ನಾನು ಚಹಾ ಮುಗಿಸಿ ಲೋಟ ಕೆಳಗಿಟ್ಟೆ.

"ಹೆಸರ್ ಯಾರ್ ಓದ್ತಾರ್ರಿ ಸರ್ರ?" ಎಂದೆ. "ಸುದ್ದಿ ಬಂತಲ್ಲ, ಸಾಕು."